ಕೆಂಪು ಬಿದ್ದಾಗ ಎಡಕ್ಕೆ ತಿರುಗಬಹುದಾ, ನಿಲ್ಲಬೇಕಾ? ಬಳ್ಳಾರಿಯವರು ಸ್ವಲ್ಪ ಹೇಳಿ

ಕಪ್ಪಗಲ್ ರೋಡ್ ಸ್ಕೂಟಿ

ಎಲ್ಲರಿಗೂ ನಮಸ್ಕಾರ. ನಿನ್ನೆ ಒಂದು ಜಗಳ ಆಯಿತು. ತಪ್ಪು ನನ್ನದಾ, ಅವನದಾ ಅಂತ ರಾತ್ರಿಯೆಲ್ಲ ಯೋಚನೆ ಮಾಡಿದೆ. ನೀವೇ ಹೇಳಿಬಿಡಿ.

ಬೆಳಿಗ್ಗೆ ಒಂಬತ್ತೂಕಾಲು. ಮಗಳನ್ನು ಸ್ಕೂಲಿಗೆ ಬಿಟ್ಟು ಅಂಗಡಿ ಕಡೆ ಹೊರಟಿದ್ದೆ. ಸಿಗ್ನಲ್ ಯಾವುದು ಅಂತ ಹೇಳಲ್ಲ. ಹೇಳಿದರೆ ಮಾತೆಲ್ಲ ಆ ಒಂದು ಸಿಗ್ನಲ್ ಮೇಲೇ ಹೋಗುತ್ತೆ. ಕೆಂಪು ಬಿದ್ದಿತ್ತು, 58 ತೋರಿಸುತ್ತಿತ್ತು. ನಾನು ಎಡಕ್ಕೆ ಹೋಗಬೇಕು. ಇಂಡಿಕೇಟರ್ ಹಾಕಿ, ಎಡಗಡೆ ಅಂಚಿಗೆ, ಬಿಳಿ ಗೆರೆಯ ಹಿಂದೆ ನಿಂತೆ. ಗೆರೆ ಅಂದರೆ ಏನು, ಅಳಿಸಿಹೋಗಿ ಅಲ್ಲಲ್ಲಿ ಸುಣ್ಣ ಚೆಲ್ಲಿದ ಹಾಗಿದೆ. ಆದರೂ ಇದೆ.

ಹಿಂದೆ ಒಂದು ಬಿಳಿ ಬೊಲೆರೊ ಬಂತು. ಮೊದಲು ಒಂದು ಸಣ್ಣ ಹಾರ್ನ್. ನಾನು ಅಲ್ಲಾಡಲಿಲ್ಲ. ಆಮೇಲೆ ಒತ್ತಿದ ಕೈ ತೆಗೆಯಲೇ ಇಲ್ಲ. ತಿರುಗಿ ನೋಡಿದೆ. ಅವನು ಎಡಕ್ಕೆ ಕೈ ತೋರಿಸಿದ. ನಾನು ಮೇಲೆ ದೀಪದ ಕಡೆ ಕೈ ತೋರಿಸಿದೆ. ನೋಡುವವರಿಗೆ ನಾನು ದೇವರನ್ನು ತೋರಿಸುತ್ತಿದ್ದ ಹಾಗೆ ಕಂಡಿರಬೇಕು.

ಅವನು ನನ್ನ ಬಲಗಡೆಯಿಂದ ನುಗ್ಗಿ, ನನ್ನ ಮುಂದೆಯೇ ಎಡಕ್ಕೆ ಎಳೆದ. ಮುಂಭಾಗ ದಾಟಿತು, ಹಿಂಭಾಗ ದಾಟಲಿಲ್ಲ. ನನ್ನ ಬಲಗಡೆ ಕನ್ನಡಿ ಕಿತ್ತುಕೊಂಡು ಹೋಯಿತು. ಗಾಡಿ ಬೀಳಲಿಲ್ಲ, ಪುಣ್ಯ. ಮುಂದೆ ನಿಲ್ಲಿಸಿ ಇಳಿದು ಬಂದ. ಸಾರಿ ಕೇಳುತ್ತಾನೆ ಅಂದುಕೊಂಡೆ. "ಕೆಂಪು ಇರೋದು ನೆಟ್ಟಗೆ ಹೋಗೋರಿಗೆ ಕಣ್ರೀ, ಲೆಫ್ಟ್ ಫ್ರೀ ಐತಿ" ಅಂದ.

ಅದೂ ಹೋಗಲಿ. ಸುತ್ತ ಸೇರಿದ ಏಳೆಂಟು ಜನರಲ್ಲಿ ಒಬ್ಬರೂ ನನ್ನ ಕಡೆ ಮಾತಾಡಲಿಲ್ಲ. ಚಹಾ ಅಂಗಡಿಯವರಂತೂ "ನೀವು ಹೋಗಿಬಿಡಬೇಕಿತ್ತು ಸರ್, ಸುಮ್ನೆ ಯಾಕೆ ನಿಂತಿರಿ" ಅಂದರು. ನಿಯಮ ಪಾಲಿಸಿ ಬೈಸಿಕೊಂಡದ್ದು ಇದೇ ಮೊದಲು. ನಿಜಕ್ಕೂ ಎಡಕ್ಕೆ ಫ್ರೀ ಇದೆಯಾ?

ಒಗ್ಗರಣಿ ಮಿರ್ಚಿ

ಬೇಜಾರಾಗಬೇಡಿ ಅಣ್ಣಾ, ತಪ್ಪು ನಿಮ್ಮದೇ. ನಮ್ಮೂರಲ್ಲಿ ಲೆಫ್ಟ್ ಯಾವಾಗಲೂ ಫ್ರೀ. ನಾನು ಹತ್ತನೇ ಕ್ಲಾಸಿನಿಂದ ಗಾಡಿ ಓಡಿಸುತ್ತಿದ್ದೇನೆ. ಎಡಕ್ಕೆ ತಿರುಗಲು ಒಂದು ದಿನವೂ ನಿಂತಿಲ್ಲ, ಒಂದು ದಿನವೂ ಯಾರೂ ಹಿಡಿದಿಲ್ಲ.

ಗುಡ್ಡದ ಕೆಳಗಿನವ

ಹತ್ತನೇ ಕ್ಲಾಸಿನಿಂದ ಅಂದರೆ ಲೈಸೆನ್ಸ್ ಇಲ್ಲದಾಗಿನಿಂದ.

ಒಗ್ಗರಣಿ ಮಿರ್ಚಿ

ಅದು ಬೇರೆ ವಿಷಯ.

ಹಳೇ ಮೇಷ್ಟ್ರು

ಬೇರೆ ವಿಷಯ ಅಲ್ಲ ತಮ್ಮಾ, ಎರಡೂ ಒಂದೇ ವಿಷಯ. ಈಗ ಹತ್ತನೇ ಕ್ಲಾಸಿನ ಹುಡುಗ ಗಾಡಿ ಸಮೇತ ಸಿಕ್ಕಿಬಿದ್ದರೆ ಅಪ್ಪನಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲೂ ಇದೆ. ನಿನ್ನ ಕಾಲದಲ್ಲಿ ಇರಲಿಲ್ಲ, ಬಚಾವಾದೆ.

ಸ್ಕೂಟಿಯವರ ಪ್ರಶ್ನೆಗೆ ಬರುತ್ತೇನೆ. ನಾನು ಬಹಳ ವರ್ಷ ಡ್ರೈವಿಂಗ್ ಕಲಿಸಿದವನು. ಮೊದಲ ದಿನವೇ ಹೇಳುತ್ತಿದ್ದ ಮಾತು: ಕೆಂಪು ಅಂದರೆ ಎಲ್ಲರಿಗೂ ಕೆಂಪು. ನೆಟ್ಟಗೆ ಹೋಗುವವನಿಗೂ ಅದೇ, ಎಡಕ್ಕೆ ತಿರುಗುವವನಿಗೂ ಅದೇ. ಕೆಂಪಿನ ಜೊತೆ ಎಡಕ್ಕೆ ಹಸಿರು ಬಾಣ ಉರಿಯುತ್ತಿದ್ದರೆ ಹೋಗಬಹುದು. ಎಡಕ್ಕೆ ಬಿಟ್ಟಿದೆ ಅಂತ ಬೋರ್ಡ್ ಹಾಕಿದ್ದರೆ ಹೋಗಬಹುದು. ಅಲ್ಲಿ ನಿಂತ ಪೊಲೀಸರು ಕೈ ಮಾಡಿ ಕರೆದರೆ ಹೋಗಲೇಬೇಕು, ಯಾಕೆಂದರೆ ದೀಪಕ್ಕಿಂತ ಅವರ ಕೈ ದೊಡ್ಡದು. ಇದ್ಯಾವುದೂ ಇಲ್ಲ ಅಂದರೆ ಬಿಳಿ ಗೆರೆಯ ಹಿಂದೆ ನಿಲ್ಲಬೇಕು. ಸ್ಕೂಟಿಯವರು ಮಾಡಿದ್ದು ಸರಿ.

ಇನ್ನೊಂದು ಗೊಂದಲ ಹೇಳಲೇಬೇಕು. ಕಲಿಯಲು ಬಂದವರಲ್ಲಿ ಬಹಳ ಜನ ನೀಲಿ ದುಂಡು ಬೋರ್ಡಿನಲ್ಲಿ ಎಡಕ್ಕೆ ಬಿಳಿ ಬಾಣ ಕಂಡರೆ "ಫ್ರೀ ಲೆಫ್ಟ್ ಸರ್" ಅನ್ನುತ್ತಿದ್ದರು. ಅಲ್ಲ. ನೀಲಿ ದುಂಡು ಅಂದರೆ ಹುಕುಂ. ಅಲ್ಲಿಂದ ಎಡಕ್ಕೆ ಮಾತ್ರ ಹೋಗಬೇಕು, ಬೇರೆ ಕಡೆ ಹೋಗುವ ಹಾಗಿಲ್ಲ ಅಂತ ಅರ್ಥ. ಕೆಂಪು ದೀಪದಲ್ಲೂ ನುಗ್ಗಬಹುದು ಅಂತ ಅದು ಹೇಳುವುದಿಲ್ಲ. ಕೆಂಪು ಉಂಗುರದ ಬೋರ್ಡ್ ಅಂದರೆ ಮಾಡಬೇಡ ಅಂತ. ತ್ರಿಕೋನ ಅಂದರೆ ಮುಂದೆ ಹುಷಾರು ಅಂತ. ಈ ಮೂರು ಆಕಾರ ಗೊತ್ತಿದ್ದರೆ ಅರ್ಧ ಪರೀಕ್ಷೆ ಪಾಸು.

ರಸ್ತೆ ಮೇಲೆ ಹೇಗೆ ಓಡಿಸಬೇಕು ಅನ್ನುವ ನಿಯಮಗಳು ಮೊದಲು 1989ರವು ಇದ್ದವು. 2017ರಲ್ಲಿ ಅವನ್ನು ತೆಗೆದು ಹೊಸದು ತಂದರು. ಅದನ್ನು ಓದಿದವರನ್ನು ನಾನು ಕೈಬೆರಳಲ್ಲಿ ಎಣಿಸಬಲ್ಲೆ.

ಒಗ್ಗರಣಿ ಮಿರ್ಚಿ

ಮೇಷ್ಟ್ರೇ ನಮಸ್ಕಾರ. ಹಾಗಾದರೆ ಬಳ್ಳಾರಿ ಪೂರ್ತಿ ತಪ್ಪಾ? ಎಲ್ಲರೂ ಹೋಗುತ್ತಾರಲ್ಲ!

ಹಳೇ ಮೇಷ್ಟ್ರು

ಎಲ್ಲರೂ ಹೋಗುತ್ತಾರೆ ಅನ್ನುವುದು ಅಭ್ಯಾಸ. 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಮೋಟಾರು ವಾಹನ ಕಾಯಿದೆಯ ತಿದ್ದುಪಡಿಯಲ್ಲಿ 184ನೇ ಕಲಮಿನ ಕೆಳಗೆ ಕೆಂಪು ದೀಪ ದಾಟುವುದನ್ನು ಹೆಸರಿಟ್ಟು ಸೇರಿಸಿದ್ದಾರೆ. ಅದು ಅಪಾಯಕಾರಿ ಚಾಲನೆ. ಮೊದಲ ಸಲಕ್ಕೆ ಕಾನೂನಿನಲ್ಲಿ 1,000ದಿಂದ 5,000 ರೂಪಾಯಿವರೆಗೆ ದಂಡ. ಎಡಕ್ಕೆ ತಿರುಗಿದರೆ ವಿನಾಯಿತಿ ಅಂತ ಅಲ್ಲಿ ಬರೆದಿಲ್ಲ.

ಗುಡ್ಡದ ಕೆಳಗಿನವ

ದಂಡಕ್ಕೆ ಯಾರು ಹೆದರುತ್ತಾರೆ ಮೇಷ್ಟ್ರೇ? 2023ರ ಫೆಬ್ರವರಿಯಲ್ಲಿ ಅರ್ಧ ದಂಡ ಕಟ್ಟಿ ಅಂತ ಬಿಟ್ಟರಲ್ಲ, ನಮ್ಮ ಬೀದಿಯಲ್ಲಿ ಹಬ್ಬದ ಬಟ್ಟೆ ಸೇಲ್ ಬಿಟ್ಟ ಹಾಗೆ ಆಗಿತ್ತು. ಇನ್ನು ಬೋರ್ಡ್ ನೋಡಿ ಹೋಗಿ ಅನ್ನುತ್ತೀರಿ. ಬೋರ್ಡ್ ಕಾಣಬೇಕಲ್ಲ! ಕಂಬದ ಬುಡದಿಂದ ತುದಿಯವರೆಗೆ ಹುಟ್ಟುಹಬ್ಬದ ಶುಭಾಶಯದ ಫ್ಲೆಕ್ಸ್. ಯುವ ಮುಖಂಡರ ಮೀಸೆ ಮಾತ್ರ ಕಾಣುತ್ತೆ.

ನಡೆಯುವವಳು

ಇಷ್ಟು ಹೊತ್ತು ಓದಿದೆ. ಎಲ್ಲರೂ ಗಾಡಿ ಮೇಲೆ ಕೂತೇ ಮಾತಾಡುತ್ತಿದ್ದೀರಿ. ಸ್ವಲ್ಪ ಇಳಿದು ನೋಡಿ.

ನನಗೆ ಗಾಡಿ ಬರಲ್ಲ. ಅಮ್ಮನಿಗೆ ಮಂಡಿ ನೋವು. ವಾರಕ್ಕೆರಡು ಸಲ ಅವರ ಕೈ ಹಿಡಿದು ಒಂದು ಸಿಗ್ನಲ್ ದಾಟಬೇಕು, ಆ ಕಡೆ ಮೆಡಿಕಲ್ ಶಾಪ್ ಇದೆ. ಕೆಂಪು ಬೀಳುತ್ತೆ. ನೆಟ್ಟಗೆ ಹೋಗುವವರು ನಿಲ್ಲುತ್ತಾರೆ. ಈಗಲ್ಲವೇ ನಾವು ದಾಟಬೇಕಾದದ್ದು? ಒಂದು ಹೆಜ್ಜೆ ಇಳಿಯುತ್ತೇವೆ. ಎಡಕ್ಕೆ ತಿರುಗುವವರ ಸಾಲು ಶುರುವಾಗುತ್ತೆ. ಒಂದು ಬೈಕು, ಅದರ ಬಾಲಕ್ಕೆ ಆಟೊ, ಅದರ ಬಾಲಕ್ಕೆ ಇನ್ನೊಂದು ಬೈಕು. ಆ ಸಾಲು ಕಡಿಯುವುದೇ ಇಲ್ಲ. ಕಡಿಯುವಷ್ಟರಲ್ಲಿ ಹಸಿರು ಬಿದ್ದು ಉಳಿದವರೂ ಬರುತ್ತಾರೆ. ಮತ್ತೆ ಹೆಜ್ಜೆ ಮೇಲಿಡುತ್ತೇವೆ. ಅಮ್ಮನಿಗೆ ಆ ಒಂದು ಹೆಜ್ಜೆ ಇಳಿಸಿ ಹತ್ತಿಸುವುದೇ ದೊಡ್ಡ ಕೆಲಸ.

ಇನ್ನೊಂದು ಗಮನಿಸಿದ್ದೇನೆ. ಎಡಕ್ಕೆ ತಿರುಗುವವರು ಯಾರೂ ಎಡಕ್ಕೆ ನೋಡುವುದಿಲ್ಲ. ಬಲಗಡೆಯಿಂದ ಗಾಡಿ ಬರುತ್ತಾ ಅಂತ ಕತ್ತು ಪೂರ್ತಿ ಬಲಕ್ಕೆ ತಿರುಗಿಸಿರುತ್ತಾರೆ. ಗಾಡಿ ಮಾತ್ರ ಎಡಕ್ಕೆ, ನಮ್ಮ ಮೇಲೆ ಬರುತ್ತಿರುತ್ತೆ. ನನಗೆ ಅವರ ಮುಖ ಕಾಣಲ್ಲ. ಬರೀ ಎಡಗಿವಿ ಕಾಣುತ್ತೆ. ಹೆಲ್ಮೆಟ್ ಹಾಕಿದ್ದರೆ ಅದೂ ಇಲ್ಲ.

ಆ ಬೊಲೆರೊದವನು "ಕೆಂಪು ನೆಟ್ಟಗೆ ಹೋಗೋರಿಗೆ" ಅಂದನಂತೆ. ನಡೆದು ಹೋಗುವವರಿಗೆ ಯಾವ ಬಣ್ಣ ಅಂತ ಅವನನ್ನು ಕೇಳಬೇಕಿತ್ತು.

ಕಪ್ಪಗಲ್ ರೋಡ್ ಸ್ಕೂಟಿ

ಅಕ್ಕಾ, ನಿಜ ಹೇಳುತ್ತೇನೆ, ನಾನೂ ಆ ಕಿವಿ ತೋರಿಸುವವರಲ್ಲಿ ಒಬ್ಬ. ಬೋರ್ಡ್ ಇರುವ ಕಡೆ ನಿಲ್ಲದೆ ತಿರುಗುತ್ತೇನೆ. ಎಡಕ್ಕೆ ನೋಡಿದ ನೆನಪೇ ಇಲ್ಲ.

ಹಳೇ ಮೇಷ್ಟ್ರು

ನಡೆಯುವವಳು ಅವರು ಹೇಳಿದ್ದು ನೂರಕ್ಕೆ ನೂರು. ಬೋರ್ಡ್ ಇದ್ದರೂ ಮೊದಲು ದಾಟುವವರಿಗೆ ದಾರಿ ಬಿಟ್ಟು ಆಮೇಲೆ ತಿರುಗಬೇಕು. ಆ ಬೋರ್ಡ್ ಗಾಡಿಗೆ ಕೊಟ್ಟ ಸಲುಗೆ ಅಷ್ಟೇ. ಫ್ರೀ ಅನ್ನುವ ಪದವೇ ಕೆಟ್ಟದ್ದು. ಫ್ರೀ ಅಂದ ಕೂಡಲೇ ನಮ್ಮ ಜನ ಬ್ರೇಕ್ ಮೇಲಿನ ಕಾಲು ತೆಗೆಯುತ್ತಾರೆ.

ಡಲ್ಲಾಸ್ ಬಳ್ಳಾರಿ

ಹುಟ್ಟಿದ್ದು ಸತ್ಯನಾರಾಯಣಪೇಟೆ, ಈಗ ಇರುವುದು ಟೆಕ್ಸಸ್. ಇಲ್ಲಿಯ ಕಥೆ ಹೇಳಬಹುದಾ?

ಇಲ್ಲಿ ಗಾಡಿ ಓಡುವುದು ಬಲಗಡೆ. ಹಾಗಾಗಿ ನಮ್ಮ ಎಡ ಇಲ್ಲಿಯ ಬಲ. ಕೆಂಪು ಇದ್ದಾಗ ಬಲಕ್ಕೆ ತಿರುಗಬಹುದು, ಬೇಡ ಅಂತ ಬೋರ್ಡ್ ಇಲ್ಲದಿದ್ದರೆ. ಆದರೆ ಮೊದಲು ಪೂರ್ತಿ ನಿಲ್ಲಬೇಕು. ನಿಧಾನ ಮಾಡಿದರೆ ಸಾಲದು, ಚಕ್ರ ನಿಲ್ಲಬೇಕು. ನಡೆಯುವವರು ದಾಟಬೇಕು, ಹಸಿರಲ್ಲಿ ಬರುವ ಗಾಡಿಗಳು ಹೋಗಬೇಕು, ಆಮೇಲೆ ನಾವು. ನಾನು ಲೈಸೆನ್ಸ್ ಪರೀಕ್ಷೆಯಲ್ಲಿ ಮೊದಲ ಸಲ ಫೇಲಾದದ್ದು ಇಲ್ಲೇ. ಬಳ್ಳಾರಿ ಕೈ, ಚಕ್ರ ಉರುಳುತ್ತಲೇ ಇತ್ತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಏನೂ ಹೇಳಲಿಲ್ಲ, ಕಾಗದದಲ್ಲಿ ಒಂದು ಗೀಟು ಹಾಕಿದರು ಅಷ್ಟೇ.

ಇದು ಬಂದದ್ದೂ ಪೆಟ್ರೋಲ್ ಉಳಿಸಲು. 1973ರ ಎಣ್ಣೆ ಬಿಕ್ಕಟ್ಟಿನ ನಂತರ, 1975ರಲ್ಲಿ ಇಲ್ಲಿಯ ಕೇಂದ್ರ ಸರ್ಕಾರ ಇಂಧನ ಉಳಿತಾಯದ ಕಾಯಿದೆ ಮಾಡಿತು. ಅದರ ಕೆಳಗೆ ಕೇಂದ್ರ ಕೊಡುವ ಹಣದ ನೆರವು ಬೇಕಿದ್ದರೆ ರಾಜ್ಯಗಳು ಕೆಂಪಿನಲ್ಲಿ ಬಲಕ್ಕೆ ಬಿಡಬೇಕು ಅಂತ ಷರತ್ತು ಹಾಕಿತು. ಹಾಗೆ ದೇಶವೆಲ್ಲ ಹರಡಿತು. ಆಮೇಲೆ ನಡೆಯುವವರಿಗೆ, ಸೈಕಲ್‌ನವರಿಗೆ ಏಟು ಜಾಸ್ತಿಯಾಯಿತು ಅಂತ ಅಧ್ಯಯನಗಳೂ ಬಂದವು. ಕಾರಣ ಈ ಅಕ್ಕ ಹೇಳಿದ್ದೇ. ಓಡಿಸುವವನ ಕಣ್ಣು ಗಾಡಿ ಬರುವ ಕಡೆ, ಜನ ಇರುವುದು ಇನ್ನೊಂದು ಕಡೆ. ನ್ಯೂಯಾರ್ಕ್ ನಗರದಲ್ಲಂತೂ ಬೋರ್ಡ್ ಇದ್ದರೆ ಮಾತ್ರ ತಿರುಗಬಹುದು, ಇಲ್ಲದಿದ್ದರೆ ನಿಲ್ಲಬೇಕು. ಜನ ನಡೆದಾಡುವ ಊರು ಅದು.

ಒಗ್ಗರಣಿ ಮಿರ್ಚಿ

ಅಮೆರಿಕ ಬಿಡಿ ಸರ್. ನಮ್ಮಲ್ಲಿ ರೈಲ್ವೆ ಗೇಟ್ ಬಿದ್ದರೆ ಈ ಕಡೆಯವರು ರಸ್ತೆ ತುಂಬ ನಿಲ್ಲುತ್ತಾರೆ, ಆ ಕಡೆಯವರೂ ರಸ್ತೆ ತುಂಬ ನಿಲ್ಲುತ್ತಾರೆ. ಗೇಟ್ ಎದ್ದ ಮೇಲೆ ಎರಡು ಸೈನ್ಯ ಎದುರಾದ ಹಾಗೆ. ಚಕ್ರ ಪೂರ್ತಿ ನಿಲ್ಲಿಸಿ ಅಂದರೆ ಹಿಂದಿನವನು ನನ್ನ ಡಿಕ್ಕಿಯೊಳಗೆ ಇರುತ್ತಾನೆ.

ಡಲ್ಲಾಸ್ ಬಳ್ಳಾರಿ

ಹಹ್ಹಾ. ಅದೂ ನಿಜ. ಬಂದಾಗ ಮಿರ್ಚಿ ತಿನ್ನಿಸಿ, ವಾದ ನಿಲ್ಲಿಸುತ್ತೇನೆ.

ಆರು ಚಕ್ರ

ನಾನು ಲಾರಿಯವನು. ಸಂಡೂರು, ತೋರಣಗಲ್ಲು ಕಡೆ ಅದಿರು ಹೊಡೆದವನು, ಈಗ ಅಕ್ಕಿ ಲೋಡು ಹೊಡೆಯುತ್ತೇನೆ. ಬೊಲೆರೊ ಕಥೆ ಓದಿ ಒಂದು ಹೇಳಬೇಕು ಅನ್ನಿಸಿತು.

"ಮುಂಭಾಗ ದಾಟಿತು, ಹಿಂಭಾಗ ದಾಟಲಿಲ್ಲ" ಅಂದರಲ್ಲ, ಅದೇ ಎಲ್ಲದರ ಗುಟ್ಟು. ಗಾಡಿ ತಿರುಗುವಾಗ ಹಿಂದಿನ ಚಕ್ರ ಮುಂದಿನ ಚಕ್ರದ ದಾರಿಯಲ್ಲಿ ಬರುವುದಿಲ್ಲ. ಒಳಗೆ ಕತ್ತರಿಸಿಕೊಂಡು ಬರುತ್ತೆ. ಕಾರಿಗೆ ಸ್ವಲ್ಪ, ಲಾರಿಗೆ ಬಹಳ, ಟ್ರೇಲರ್‌ಗೆ ಕೇಳಲೇಬೇಡಿ. ಅದಕ್ಕೇ ನಾವು ಎಡಕ್ಕೆ ತಿರುಗುವ ಮೊದಲು ಒಂದಿಷ್ಟು ಬಲಕ್ಕೆ ಎಳೆದು ಆಮೇಲೆ ಎಡಕ್ಕೆ ಮುರಿಯುತ್ತೇವೆ. ಇಲ್ಲದಿದ್ದರೆ ಹಿಂದಿನ ಚಕ್ರ ಫುಟ್‌ಪಾತ್ ಹತ್ತುತ್ತೆ, ಇಲ್ಲವೇ ಕಂಬ ಹೊಡೆಯುತ್ತೆ.

ನಾವು ಬಲಕ್ಕೆ ಎಳೆದಾಗ ಎಡಗಡೆ ಜಾಗ ಬಿಡುತ್ತೆ. ಬೈಕಿನವರು ಏನು ಅಂದುಕೊಳ್ಳುತ್ತಾರೆ? ಲಾರಿ ಬಲಕ್ಕೆ ಹೋಗುತ್ತಿದೆ, ನಮಗೆ ದಾರಿ ಬಿಟ್ಟ ಅಂತ. ನುಗ್ಗುತ್ತಾರೆ. ಅಷ್ಟರಲ್ಲಿ ಲಾರಿ ಎಡಕ್ಕೆ ಮುರಿದಿರುತ್ತೆ. ಆ ಜಾಗ ಕಿರಿದಾಗುತ್ತಾ ಕಿರಿದಾಗುತ್ತಾ ಹೋಗುತ್ತೆ. ಒಂದು ಕಡೆ ಫುಟ್‌ಪಾತ್ ಕಲ್ಲು, ಇನ್ನೊಂದು ಕಡೆ ನನ್ನ ಹಿಂದಿನ ಚಕ್ರ. ನನಗೆ ಏನೂ ಕಾಣಲ್ಲ. ಎಡಗಡೆ ಬಾಗಿಲ ಕೆಳಗೆ ಇರುವವನು ಕನ್ನಡಿಯಲ್ಲಿ ಬರುವುದಿಲ್ಲ. ಕ್ಲೀನರ್ ಇದ್ದ ಕಾಲದಲ್ಲಿ ಅವನು ಬಾಗಿಲು ತಟ್ಟಿ "ಹೋಲ್ಡಾನ್" ಅನ್ನುತ್ತಿದ್ದ. ಈಗ ಬಹಳ ಲಾರಿಗಳಲ್ಲಿ ಕ್ಲೀನರ್ ಇಲ್ಲ.

ಒಂದು ಸಲ ಹೀಗೇ ತಿರುಗುವಾಗ ಚಪ್ಪಾಳೆ ಹೊಡೆದ ಹಾಗೆ ಸದ್ದು ಕೇಳಿ ನಿಲ್ಲಿಸಿದೆ. ಇಳಿದು ನೋಡಿದರೆ ಒಬ್ಬ ಕಾಲೇಜು ಹುಡುಗ, ಗಾಡಿ ಬಿಟ್ಟು ಫುಟ್‌ಪಾತಿಗೆ ಹಾರಿ ನಿಂತಿದ್ದಾನೆ, ಲಾರಿ ಬಾಡಿಯನ್ನು ಅಂಗೈಯಿಂದ ಹೊಡೆಯುತ್ತಿದ್ದಾನೆ. ಗಾಡಿ ಚಕ್ರಕ್ಕೆ ಒಂದು ಗೇಣು ದೂರ. ಅವನೂ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ. ನೀರಿನ ಬಾಟಲಿ ಕೊಟ್ಟೆ, ಕುಡಿದ.

ಲಾರಿ, ಬಸ್ಸು ಎಡಕ್ಕೆ ಇಂಡಿಕೇಟರ್ ಹಾಕಿದ್ದರೆ ಅದರ ಎಡಗಡೆ ಹೋಗಬೇಡಿ. ಹಿಂದೆ ನಿಂತುಬಿಡಿ. ಅಷ್ಟೇ ನಾನು ಕೇಳುವುದು.

ಕೆಎ-36

ಆರು ಚಕ್ರ ಅಣ್ಣಾ, ಇದನ್ನು ಶಾಲೆಯಲ್ಲಿ ಹೇಳಿಕೊಡಬೇಕು. ನಮ್ಮ ರಾಯಚೂರಿನಲ್ಲಿ ಇಂಡಿಕೇಟರ್ ನಂಬಿದರೆ ಕೆಟ್ಟೆವು, ಅದು ಬೇರೆ ಮಾತು. ಮೂರು ದಿನದಿಂದ ಎಡ ಇಂಡಿಕೇಟರ್ ಹೊಡೆದುಕೊಳ್ಳುತ್ತಲೇ ಇರುವ ಬೈಕುಗಳಿವೆ. ಇನ್ನು ಕೆಲವರು ನೆಟ್ಟಗೆ ಹೋಗಲು ನಾಲ್ಕೂ ಇಂಡಿಕೇಟರ್ ಹಾಕುತ್ತಾರೆ. ಎಡವೂ ಬೇಡ, ಬಲವೂ ಬೇಡ, ಹಾಗಾದರೆ ಎರಡೂ ಅಂತ ಲೆಕ್ಕ!

ಇನ್ನು ನಮ್ಮ ಕಡೆ ಫ್ರೀ ಲೆಫ್ಟ್ ಬೋರ್ಡ್ ಇದ್ದರೂ ಉಪಯೋಗ ಇಲ್ಲ. ಆ ತಿರುವಿನಲ್ಲೇ ಟಂಟಂ ನಿಂತಿರುತ್ತೆ. "ಒಬ್ರು ಒಬ್ರು" ಅಂತ ಕೂಗಿ ಕೂಗಿ ಒಂಬತ್ತನೆಯವರನ್ನು ಹತ್ತಿಸಿಕೊಳ್ಳುತ್ತಿರುತ್ತಾರೆ.

ಹಳೇ ಮೇಷ್ಟ್ರು

ನಾಲ್ಕು ದೀಪ ಒಟ್ಟಿಗೆ ಹಾಕುವುದು ಗಾಡಿ ಕೆಟ್ಟು ನಿಂತಾಗ. ಓಡುವಾಗ ಹಾಕಿದರೆ, ಪಕ್ಕದಿಂದ ನೋಡುವವನಿಗೆ ಒಂದೇ ಕಡೆಯ ದೀಪ ಕಾಣುತ್ತೆ. ಎಡಗಡೆ ಇರುವವನು ನೀನು ಎಡಕ್ಕೆ ಬರುತ್ತೀಯ ಅಂದುಕೊಳ್ಳುತ್ತಾನೆ, ಬಲಗಡೆಯವನು ಬಲಕ್ಕೆ ಅಂದುಕೊಳ್ಳುತ್ತಾನೆ. ಇಬ್ಬರಿಗೂ ಸುಳ್ಳು ಹೇಳಿದ ಹಾಗೆ. ನೆಟ್ಟಗೆ ಹೋಗಲು ಯಾವ ದೀಪವೂ ಬೇಡ.

ಗವಿಮಠದ ಹಿಂದಿನ ಮನೆ

ಕೊಪ್ಪಳದಿಂದ ಹಾಜರಿ. ನಮ್ಮದು ಸಣ್ಣ ಊರು, ಜಗಳವೂ ಸಣ್ಣದು. ಜನವರಿಯಲ್ಲಿ ಗವಿಸಿದ್ಧೇಶ್ವರ ಜಾತ್ರೆ ಬಂದಾಗ ಮಾತ್ರ ಊರಿಗೆ ಊರೇ ಗಾಡಿ. ಆಗ ಪೊಲೀಸರು ಕೈಯಲ್ಲೇ ಎಲ್ಲ ನಡೆಸುತ್ತಾರೆ. ಆಶ್ಚರ್ಯ ಅಂದರೆ ಕೈಗೆ ಎಲ್ಲರೂ ನಿಲ್ಲುತ್ತಾರೆ. ಉಳಿದ ದಿನ ಅದೇ ಜನ ದೀಪಕ್ಕೆ ನಿಲ್ಲುವುದಿಲ್ಲ. ದೀಪಕ್ಕೆ ಕಣ್ಣಿಲ್ಲ, ಅದು ನಮ್ಮನ್ನು ನೋಡುವುದಿಲ್ಲ ಅಂತ ಧೈರ್ಯ.

ಬಿಸಿಲ ಹುಡುಗ

ಯಾರೂ ಹೇಳದ ಒಂದು ಸಮಸ್ಯೆ ನಾನು ಹೇಳುತ್ತೇನೆ. ಏಪ್ರಿಲ್, ಮೇ. ಬಳ್ಳಾರಿ. ಮಧ್ಯಾಹ್ನ ಎರಡು ಗಂಟೆ. 40 ಡಿಗ್ರಿ ದಾಟಿರುತ್ತೆ. ಸಿಗ್ನಲ್ 90 ಸೆಕೆಂಡು. ಬಿಳಿ ಗೆರೆ ಇರುವುದು ಸುಡುವ ಬಿಸಿಲಲ್ಲಿ. ಅದಕ್ಕಿಂತ ಇಪ್ಪತ್ತು ಮೀಟರ್ ಹಿಂದೆ ಒಂದು ಬೇವಿನ ಮರ.

ಎಲ್ಲ ಬೈಕುಗಳೂ ಆ ಬೇವಿನ ಮರದ ಕೆಳಗೆ ನಿಲ್ಲುತ್ತವೆ. ಮುಂದೆ ಇಪ್ಪತ್ತು ಮೀಟರ್ ಖಾಲಿ. ಗೊತ್ತಿಲ್ಲದ ಊರಿನ ಕಾರಿನವನು ಬಂದು ಹಾರ್ನ್ ಹೊಡೆಯುತ್ತಾನೆ. ಯಾರೂ ಅಲ್ಲಾಡುವುದಿಲ್ಲ. ಅವನಿಗೆ ಎಸಿ ಇದೆ, ಅವನು ಮುಂದೆ ಹೋಗಲಿ. ಮರ ಇಲ್ಲದ ಕಡೆ ಲಾರಿಯ ನೆರಳು ಹುಡುಕುತ್ತೇವೆ. ಲಾರಿಯ ಎಡಗಡೆ ನೆರಳಿದ್ದರೆ ಅಲ್ಲೇ. ಆರು ಚಕ್ರ ಅಣ್ಣ ಹೇಳಿದ್ದು ಓದಿದ ಮೇಲೆ ಸ್ವಲ್ಪ ಭಯ ಆಗುತ್ತಿದೆ.

ಎಡಕ್ಕೆ ಫ್ರೀ ಅಂತ ನುಗ್ಗುವವರಲ್ಲಿ ಅರ್ಧ ಜನಕ್ಕೆ ಅವಸರ ಇಲ್ಲ. ಬಿಸಿಲು ಅಷ್ಟೇ. ನಾನಂತೂ ಹಾಗೆ.

ಆರು ಚಕ್ರ

ತಮ್ಮಾ, ನೆರಳಿಗೆ ನಿಲ್ಲು, ಬೇಡ ಅನ್ನಲ್ಲ. ಲಾರಿಯ ಹಿಂದೆ ನಿಲ್ಲು. ಪಕ್ಕದಲ್ಲಿ ಬೇಡ.

ನಡೆಯುವವಳು

ನಮಗೂ ಅದೇ ಬಿಸಿಲು. ನಮ್ಮ ಕಾಲ ಕೆಳಗೆ ಡಾಂಬರು.

ಬಿಸಿಲ ಹುಡುಗ

ಸರಿ ಅಕ್ಕಾ. ಸಾರಿ.

ಗುಡ್ಡದ ಕೆಳಗಿನವ

ಮೇಷ್ಟ್ರೇ, ಒಂದು ಡೌಟು. ನಾನು ಕೆಂಪಿಗೆ ಗೆರೆ ಹಿಂದೆ ನಿಂತಿದ್ದೇನೆ. ಹಿಂದೆ ಆಂಬುಲೆನ್ಸ್ ಬಂತು. ಮುಂದೆ ಹೋದರೆ ಕೆಂಪು ದಾಟಿದ ಹಾಗೆ. ನಿಂತರೆ ಆಂಬುಲೆನ್ಸ್ ತಡೆದ ಹಾಗೆ. ಏನು ಮಾಡಲಿ?

ಹಳೇ ಮೇಷ್ಟ್ರು

ಆಂಬುಲೆನ್ಸಿಗೆ ದಾರಿ ಬಿಡದಿದ್ದರೆ 10,000 ರೂಪಾಯಿ ದಂಡ ಅಂತ 2019ರ ತಿದ್ದುಪಡಿಯಲ್ಲೇ ಇದೆ. ನಾನು ಕಲಿಸುತ್ತಿದ್ದದ್ದು ಇಷ್ಟು. ಮೊದಲು ಎಡಕ್ಕೆ ಸರಿ. ಸರಿಯಲು ಜಾಗವೇ ಇಲ್ಲ ಅಂದರೆ ಎರಡೂ ಕಡೆ ನೋಡಿ, ಗೆರೆ ದಾಟಿ ಮೂಲೆಯಲ್ಲಿ ಓರೆಯಾಗಿ ನಿಲ್ಲು. ಅಡ್ಡ ಬರುವವರ ನಡುವೆ ನುಗ್ಗಬೇಡ. ಆಂಬುಲೆನ್ಸ್ ಹೋದ ಮೇಲೆ ಅದರ ಬಾಲ ಹಿಡಿದು ಓಡಬೇಡ. ಅದನ್ನು ಮಾಡುವವರೇ ಜಾಸ್ತಿ.

ಹಳದಿ ಬಗ್ಗೆ ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ಹಳದಿ ಅಂದರೆ ನಿಲ್ಲು. ತೀರಾ ಹತ್ತಿರ ಬಂದುಬಿಟ್ಟಿದ್ದರೆ, ಬ್ರೇಕ್ ಹಾಕಿದರೆ ಹಿಂದಿನವನು ಗುದ್ದುತ್ತಾನೆ ಅನ್ನುವ ಹಾಗಿದ್ದರೆ ಮಾತ್ರ ದಾಟು. ನಮ್ಮಲ್ಲಿ ಹಳದಿ ಕಂಡರೆ ಗೇರ್ ಇಳಿಸಿ ಎಕ್ಸಲೇಟರ್ ಕೊಡುತ್ತಾರೆ. ರಾತ್ರಿ ಹಳದಿ ಮಿಣುಕುತ್ತಿದ್ದರೆ ನಿಧಾನ ಮಾಡಿ ನೋಡಿಕೊಂಡು ಹೋಗು. ಕೆಂಪು ಮಿಣುಕುತ್ತಿದ್ದರೆ ಪೂರ್ತಿ ನಿಂತು, ನೋಡಿ, ಆಮೇಲೆ ಹೋಗು.

ಒಗ್ಗರಣಿ ಮಿರ್ಚಿ

ನಾನು ಸೋತೆ ಅಂತ ಒಪ್ಪಿಕೊಳ್ಳುತ್ತಿಲ್ಲ. ಆದರೆ ಒಂದು ಕೇಳುತ್ತೇನೆ. ಬೋರ್ಡ್ ಇರುವ ಕಡೆ, ನೆಟ್ಟಗೆ ಹೋಗುವವನು ಎಡ ಅಂಚಿನಲ್ಲಿ ಬಂದು ನಿಂತುಬಿಡುತ್ತಾನಲ್ಲ, ಅವನಿಗೇನು ಹೇಳುತ್ತೀರಿ? ಮೊದಲು ನಿಲ್ಲಬೇಕು ಅನ್ನುವ ಆಸೆಗೆ ಎಡಗಡೆಯಿಂದ ತೂರಿಕೊಂಡು ಬರುತ್ತಾನೆ. ಅವನ ಹಿಂದೆ ಎಡಕ್ಕೆ ಹೋಗುವ ಹತ್ತು ಜನ. ಆಗ ಹಾರ್ನ್ ಹೊಡೆದರೆ ತಪ್ಪಾ?

ಹಳೇ ಮೇಷ್ಟ್ರು

ಇದು ಒಳ್ಳೆಯ ಪ್ರಶ್ನೆ. ಎಡಕ್ಕೆ ತಿರುಗುವವನು ಎಡ ಅಂಚಿಗೆ, ಬಲಕ್ಕೆ ತಿರುಗುವವನು ರಸ್ತೆ ನಡುವಿನ ಹತ್ತಿರಕ್ಕೆ, ಮೊದಲೇ ಸೇರಿಕೊಂಡಿರಬೇಕು. ನೆಟ್ಟಗೆ ಹೋಗುವವನಿಗೆ ಉಳಿದದ್ದು. ಫ್ರೀ ಲೆಫ್ಟ್ ಇರುವ ಕಡೆ ಎಡ ಅಂಚು ಮುಚ್ಚುವುದು ತಪ್ಪು. ಒಂದು ಸಣ್ಣ ಹಾರ್ನ್ ಹೊಡಿ, ಪರವಾಗಿಲ್ಲ. ಅವನಿಗೆ ಸರಿಯಲು ಜಾಗ ಇಲ್ಲದಿದ್ದರೆ ಸುಮ್ಮನೆ ಕಾಯಿ. 60 ಸೆಕೆಂಡಿನಲ್ಲಿ ನಿನ್ನ ಮಿರ್ಚಿ ಆರಲ್ಲ.

ಆದರೆ ಸ್ಕೂಟಿಯವರ ಸಿಗ್ನಲ್ಲಿನಲ್ಲಿ ಬೋರ್ಡ್ ಇತ್ತಾ ಇಲ್ಲವಾ? ಎಲ್ಲ ನಿಂತಿರುವುದು ಅದರ ಮೇಲೆ. ಅವರು ಇನ್ನೂ ಹೇಳಿಲ್ಲ.

ಕಪ್ಪಗಲ್ ರೋಡ್ ಸ್ಕೂಟಿ

ಅದನ್ನೇ ಹೇಳಲು ಬಂದೆ. ಇವತ್ತು ಬೆಳಿಗ್ಗೆ ಆರು ಗಂಟೆಗೆ, ಗಾಡಿ ಇಲ್ಲದ ಹೊತ್ತಲ್ಲಿ, ನಡೆದೇ ಹೋಗಿ ನೋಡಿಕೊಂಡು ಬಂದೆ. ಹೆಂಡತಿ "ಹುಚ್ಚು" ಅಂದಳು.

ಕಂಬದ ಮೇಲೆ ಗುಡ್ಡದ ಕೆಳಗಿನವ ಅವರು ಹೇಳಿದ ಹಾಗೆ ಫ್ಲೆಕ್ಸ್ ಇತ್ತು. ಅದರ ಹಿಂದೆ ಒಂದು ತಗಡಿನ ಬೋರ್ಡ್ ಇರುವುದು ಅಂಚಿನಲ್ಲಿ ಕಾಣುತ್ತಿತ್ತು. ಎದೆ ಡವ ಡವ. ಬೋರ್ಡಿನಲ್ಲಿ ಫ್ರೀ ಲೆಫ್ಟ್ ಅಂತಿದ್ದರೆ ಆ ಬೊಲೆರೊದವನ ಹತ್ತಿರ ಸಾರಿ ಕೇಳಬೇಕಾಗುತ್ತೆ. ಫ್ಲೆಕ್ಸಿನ ಒಂದು ಮೂಲೆ ಸ್ವಲ್ಪ ಎತ್ತಿ ನೋಡಿದೆ. ಟ್ಯೂಷನ್ ಜಾಹೀರಾತು. ಎಂಟರಿಂದ ಹತ್ತನೇ ತರಗತಿ, ಗಣಿತ ಮತ್ತು ವಿಜ್ಞಾನ.

ನಾಲ್ಕೂ ಕಡೆ ಸುತ್ತಿ ನೋಡಿದೆ. ಎಡಕ್ಕೆ ಬಿಟ್ಟಿದೆ ಅನ್ನುವ ಬೋರ್ಡ್ ಎಲ್ಲೂ ಇಲ್ಲ. ಹಸಿರು ಬಾಣದ ದೀಪವೂ ಇಲ್ಲ. ಇಷ್ಟು ವರ್ಷ ಎಲ್ಲರೂ ಇಲ್ಲದ ಬೋರ್ಡನ್ನು ನಂಬಿಕೊಂಡು ತಿರುಗಿದ್ದೇವೆ. ನಾನೂ ಸೇರಿ, ಏಳೆಂಟು ವರ್ಷ.

ಆಮೇಲೆ ಒಂಬತ್ತೂಕಾಲಿಗೆ ಮತ್ತೆ ಅದೇ ಜಾಗದಲ್ಲಿ ಗಾಡಿ ನಿಲ್ಲಿಸಿದೆ. ಹಿಂದೆ ಒಂದು ಆಟೊ. ಹಾರ್ನ್. ತಿರುಗಿ "ಬೋರ್ಡ್ ಇಲ್ಲ ಅಣ್ಣಾ, ನೋಡಿಕೊಂಡು ಬಂದಿದ್ದೇನೆ" ಅಂದೆ. ಅವರು ತಲೆ ಹೊರಗೆ ಹಾಕಿ ಕಂಬ ನೋಡಿದರು. "ಹೌದಲ್ರೀ" ಅಂದರು. ಆಮೇಲೂ ಎರಡು ಸಲ ಹಾರ್ನ್ ಹೊಡೆದರು, ಅಭ್ಯಾಸಕ್ಕೆ. ಆದರೆ ನಿಂತರು. ಆಟೊದೊಳಗಿದ್ದ ಅಜ್ಜಿ "ಹಸಿರು ಬಂತೇನಪ್ಪಾ" ಅಂತ ಕೇಳುತ್ತಲೇ ಇದ್ದರು.

ನಡೆಯುವವಳು

ಯಾರಾದರೂ ದಾಟಿದರಾ?

ಕಪ್ಪಗಲ್ ರೋಡ್ ಸ್ಕೂಟಿ

ದಾಟಿದರು ಅಕ್ಕಾ. ಶಾಲೆಯ ಹುಡುಗಿಯರು ಮೂವರು, ಒಬ್ಬ ಹಾಲಿನ ಕ್ಯಾನಿನವರು. ಹಾಲಿನವರು ನಮ್ಮಿಬ್ಬರ ಕಡೆ ನೋಡಿ, ಇವರು ಯಾಕೆ ನಿಂತಿದ್ದಾರೆ ಅಂತ ಅನುಮಾನ ಪಟ್ಟು, ಆಮೇಲೆ ದಾಟಿದರು.

ಒಗ್ಗರಣಿ ಮಿರ್ಚಿ

ಅದೆಲ್ಲ ಇರಲಿ. ಕನ್ನಡಿ ಎಲ್ಲಿ ಹಾಕಿಸಿದಿರಿ ಅಣ್ಣಾ, ಎಷ್ಟಾಯಿತು? ನನ್ನದೂ ಒಂದು ಇಲ್ಲ. ಎಡಗಡೆಯದು.